ಜಾವಾಕ್ಕೆ ಕಿಕ್ ಹೊಡೆಯುವ ಮೊದಲು

ಮೈಸೂರಿನವರಿಗೆ ಜಾವಾ ಪರದೇಶದ ಗಾಡಿ ಅನ್ನಿಸುವುದೇ ಇಲ್ಲ. ಚೆಕೊಸ್ಲೊವಾಕಿಯಾದ ಆ ಗಾಡಿಯನ್ನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲೇ ಕಟ್ಟತೊಡಗಿತು. 1970ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಗಾಡಿಗಳು ಇವತ್ತಿಗೂ ಹಳೆಯ ಮನೆಗಳ ಹಿತ್ತಿಲಲ್ಲಿ, ಸೌದೆ ಮತ್ತು ತೆಂಗಿನ ಗರಿಗಳ ಮಗ್ಗುಲಲ್ಲಿ, ಗೋಣಿಚೀಲ ಹೊದ್ದು ನಿಂತಿವೆ. ಅಪ್ಪನದೋ ತಾತನದೋ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಆಸೆ ಒಂದು ದಿನ ಯಾರಿಗಾದರೂ ಹುಟ್ಟುತ್ತದೆ. ನಾನು ಕಂಡಂತೆ, ಹತ್ತಿಪ್ಪತ್ತು ವರ್ಷ ಮೂಲೆಯಲ್ಲಿ ನಿಂತಾಗ ಆಗದ ಹಾನಿ ಈ ಆಸೆ ಹುಟ್ಟಿದ ಮೊದಲ ವಾರದಲ್ಲಿ ಆಗಿಬಿಡುತ್ತದೆ.

ಸೋದರಮಾವನ 1968ರ ಜಾವಾ 250 ನನ್ನ ಕೈಗೆ ಬಂದಾಗ ನಾನೂ ಅಂಥ ಕೆಲವು ತಪ್ಪು ಮಾಡಿದೆ. ಮನೆಯ ಕಾರ್ ಶೆಡ್ಡಿನಲ್ಲಿ ಎರಡು ವರ್ಷ ಭಾನುವಾರಗಳನ್ನೆಲ್ಲ ಕಳೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸದ ಬಗ್ಗೆ ನಾಲ್ಕು ಜನ ಸೇರಿದಲ್ಲಿ ಕೇಳಿಬರುವ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಇದರಿಂದ ಒಬ್ಬರಿಗೆ ತಿಳಿದರೂ ಒಂದು ಇಂಜಿನ್ ಉಳಿಯುತ್ತದೆ.

“ಒಂದು ಕಿಕ್ ಹೊಡೆದು ನೋಡೋಣ, ಎದ್ದರೆ ಎಲ್ಲ ಸರಿಯಿದೆ ಅಂತ”

ಬಹಳ ದಿನ ನಿಂತ ಇಂಜಿನ್‌ಗೆ ಕಿಕ್ ಹೊಡೆಯುವುದು ಮೊದಲ ಕೆಲಸವಲ್ಲ. ಅದು ಎಷ್ಟೋ ಕೆಲಸಗಳು ಮುಗಿದ ಮೇಲಿನ ಕೆಲಸ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಲ್ಲಿ ಅಂಟಿಕೊಂಡಿರುತ್ತವೆ. ಬಲವಂತವಾಗಿ ತುಳಿದರೆ ರಿಂಗ್ ಮುರಿಯಬಹುದು, ಇಲ್ಲವೇ ತುಕ್ಕಿನ ಪುಡಿ ಬೋರಿನ ಉದ್ದಕ್ಕೂ ಗೀರು ಎಳೆಯಬಹುದು. ಟೂ ಸ್ಟ್ರೋಕ್ ಇಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ. ಮುರಿದ ರಿಂಗಿನ ತುದಿ ಆ ಕಿಂಡಿಗೆ ಸಿಕ್ಕಿದರೆ ಸಿಲಿಂಡರ್ ಕತೆ ಮುಗಿದಂತೆ.

ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಸುಮ್ಮನಿರಿ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಗೇರಿಗೆ ತಳ್ಳಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ಆಡಿಸಿ. ಪಿಸ್ಟನ್ ಬಿಟ್ಟುಕೊಂಡದ್ದು ಕೈಗೇ ಗೊತ್ತಾಗುತ್ತದೆ. ಬಿಡದಿದ್ದರೆ ಇನ್ನೆರಡು ದಿನ ಕಾಯಿರಿ. ಬಿಟ್ಟ ಮೇಲೂ ಸಿಲಿಂಡರ್ ಎತ್ತಿ ಒಳಗೆ ನೋಡದೆ ಸ್ಟಾರ್ಟ್ ಮಾಡಬೇಡಿ ಎಂದೇ ನನ್ನ ಸಲಹೆ. ಜಾವಾದ ಸಿಲಿಂಡರ್ ಎತ್ತುವುದು ಅರ್ಧ ದಿನದ ಕೆಲಸವೂ ಅಲ್ಲ.

“ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಇದ್ದೇ ಇರುತ್ತೆ”

ಇದೊಂದು ಮಾತು ಹಾಳುಮಾಡಿದಷ್ಟು ಜಾವಾಗಳನ್ನು ಇನ್ಯಾವುದೂ ಹಾಳುಮಾಡಿಲ್ಲ. ಪೆಟ್ರೋಲಿನ ಜೊತೆ ಆಯಿಲ್ ಉರಿಯುವ ಇಂಜಿನ್ನಿನಲ್ಲಿ ತಣ್ಣಗಿರುವಾಗ ತುಸು ಹೊಗೆ ಬರುವುದು ಸಹಜ. ಎರಡು ಮೂರು ಕಿಲೋಮೀಟರ್ ಓಡಿದ ಮೇಲೂ ಹಿಂದೆ ಬರುವವರು ಮೂಗು ಮುಚ್ಚಿಕೊಳ್ಳುವಂತಿದ್ದರೆ ಅದು ರೋಗ.

ಟೂ ಸ್ಟ್ರೋಕ್ ಇಂಜಿನ್ ಉಸಿರಾಡುವುದು ಕ್ರ್ಯಾಂಕ್ ಕೋಣೆಯ ಮೂಲಕ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕೋಣೆ ಗಾಳಿ-ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನು ಒತ್ತಿ ಸಿಲಿಂಡರಿಗೆ ತಳ್ಳುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಹಾಗೆ ಬಿಗಿಯಾಗಿಡುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಹತ್ತಾರು ವರ್ಷ ನಿಂತ ಗಾಡಿಯಲ್ಲಿ ಈ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ಎಡಗಡೆಯ ಸೀಲಿನ ಆಚೆಗಿರುವುದು ಕ್ಲಚ್ ಮತ್ತು ಪ್ರೈಮರಿ ಚೈನು. ಗೇರ್‌ಬಾಕ್ಸ್ ಆಯಿಲಿನಲ್ಲೇ ಅವೂ ಮುಳುಗಿರುತ್ತವೆ. ಆ ಸೀಲು ಸೋತರೆ ಇಂಜಿನ್ ಪ್ರತಿ ಉಸಿರಿಗೂ ಗೇರ್ ಆಯಿಲ್ ಕುಡಿಯುತ್ತದೆ. ಜನ ಆಗ ಪೆಟ್ರೋಲಿಗೆ ಹಾಕುವ ಆಯಿಲ್ ಕಡಿಮೆ ಮಾಡುತ್ತಾರೆ. ಹೊಗೆ ನಿಲ್ಲುವುದಿಲ್ಲ. ಇನ್ನಷ್ಟು ಕಡಿಮೆ ಮಾಡುತ್ತಾರೆ. ಕೊನೆಗೆ ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಅಳೆದು ನೋಡಿದ್ದರೆ ರೋಗ ಯಾವುದೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಬಲಗಡೆಯ ಸೀಲಿನ ತೊಂದರೆ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಹೊಗೆಯನ್ನೂ ತೋರಿಸುವುದಿಲ್ಲ. ಅಲ್ಲಿಂದ ಒಳಕ್ಕೆ ಹೋಗುವುದು ಬರೀ ಗಾಳಿ. ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದರ ಜೊತೆ ಬರುವ ಆಯಿಲೂ ಕಡಿಮೆಯಾಗುತ್ತದೆ, ಇಂಜಿನ್ ಕಾಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದೆ ಇಂಜಿನ್ ಕೂಗುತ್ತಿದ್ದರೆ ಅನುಮಾನಿಸಿ. ಮಾವನ ಗಾಡಿಯ ಬಲಗಡೆಯ ಕವರ್ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಡೈನಮೋದ ತಾಮ್ರದ ಸುರುಳಿ, ಪಾಯಿಂಟ್, ಕಂಡೆನ್ಸರ್ ಎಲ್ಲ ಒಣಗಿದ್ದವು. ಆದರೆ ಕ್ರ್ಯಾಂಕಿನ ಸುತ್ತ, ಐದು ರೂಪಾಯಿ ನಾಣ್ಯದ ಅಗಲಕ್ಕೆ, ಎಣ್ಣೆಯ ಪಸೆ ಧೂಳು ಹಿಡಿದು ಕಪ್ಪು ಬಳೆಯಂತೆ ಕೂತಿತ್ತು. ಬೆರಳಿಂದ ಒರೆಸಿ ಮೂಸಿದೆ, ಹಳಸಿದ ಪೆಟ್ರೋಲಿನ ವಾಸನೆ. ಮಾವ ವರ್ಷಗಟ್ಟಲೆ ಕಾರ್ಬುರೇಟರ್ ತಿರುಗಿಸುತ್ತಲೇ ಇದ್ದರಂತೆ. ತಪ್ಪು ಕಾರ್ಬುರೇಟರಿನಲ್ಲಿ ಇರಲೇ ಇಲ್ಲ. ಹಳೆಯ ಜಾವಾ ಕೈಗೆ ಬಂದರೆ ಬೇರೇನೂ ಬದಲಿಸದಿದ್ದರೂ ಈ ಎರಡು ಸೀಲುಗಳನ್ನು ಬದಲಿಸಿ.

“ಆಯಿಲ್ ಒಂದು ಕೈ ಜಾಸ್ತಿ ಹಾಕಿದರೆ ಇಂಜಿನ್‌ಗೆ ಒಳ್ಳೆಯದು”

ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್, ಅಂದರೆ 25ಕ್ಕೆ 1, ಹಳೆಯ ಲೆಕ್ಕ. ಹೊಸ ಪಿಸ್ಟನ್ ಹಾಕಿದಾಗ ಶುರುವಿನಲ್ಲಿ ತುಸು ಹೆಚ್ಚು ಹಾಕುವ ರೂಢಿಯೂ ಉಂಟು. ಅದನ್ನು ಬಿಟ್ಟು ಕಣ್ಣಂದಾಜಿನಲ್ಲಿ ಸುರಿದರೆ ಪ್ಲಗ್ ಕರಿ ಹಿಡಿಯುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಹಲವರ ಲಕ್ಷ್ಯಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಜೆಟ್ಟಿನ ತೂತು ಒಂದೇ ಅಳತೆಯದು. ಅದರಲ್ಲಿ ಆಯಿಲ್ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ. ಇಂಜಿನ್ ತಂಪಾಗಿರಲೆಂದು ಹಾಕಿದ ಆಯಿಲೇ ಅದನ್ನು ಬಿಸಿ ಮಾಡಬಹುದು.

ಆಯಿಲ್ ಪೆಟ್ರೋಲಿನ ಜೊತೆಗೇ ಬರುತ್ತದೆ ಎಂಬುದನ್ನು ಮರೆಯಬಾರದು. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಬಂದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುತ್ತಿರುವುದಿಲ್ಲ, ಆಯಿಲೂ ಬರುತ್ತಿರುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ಕೊಡಬೇಕು. ನನ್ನ ಗಾಡಿ ಹೊಸ ಪಿಸ್ಟನ್ ಹಾಕಿಸಿದ ಮೂರನೆಯ ದಿನವೇ ಆ ಇಳಿಜಾರಿನಲ್ಲಿ ಹಿಡಿದುಕೊಂಡಿತು. ಅದರಲ್ಲಿ ನನ್ನ ಇನ್ನೊಂದು ತಪ್ಪೂ ಸೇರಿತ್ತು. ಬೋರ್ ಹಾಕಿಸಲು ಬರೀ ಸಿಲಿಂಡರ್ ಕೊಟ್ಟುಬಂದಿದ್ದೆ, ಪಿಸ್ಟನ್ ಕೊಟ್ಟಿರಲಿಲ್ಲ. ಬೋರ್ ಹಾಕುವವರು ಪಿಸ್ಟನ್ ಡಬ್ಬಿಯ ಮೇಲಿನ ನಂಬರಿಗೆ ಬೋರ್ ಹಾಕಿದರು. 0.25 ಅಥವಾ 0.50 ಓವರ್‌ಸೈಜ್ ಎಂದು ಬರೆದ ಎರಡು ಪಿಸ್ಟನ್‌ಗಳು ಒಂದೇ ಅಳತೆ ಇರುವುದಿಲ್ಲ, ಈಗ ಸಿಗುವವಂತೂ ಇಲ್ಲವೇ ಇಲ್ಲ. ಮೊದಲು ಪಿಸ್ಟನ್ ಕೊಳ್ಳಿ, ಅದನ್ನು ಸಿಲಿಂಡರ್ ಜೊತೆಗೇ ಕೊಡಿ, ಆ ಪಿಸ್ಟನ್ನನ್ನು ಅಳೆದು ಅದಕ್ಕೆ ತಕ್ಕಂತೆ ಬೋರ್ ಹಾಕಿಸಿ.

“ಹಳೆ ಗಾಡಿಗೆ ಸೀಸ ಇರುವ ಪೆಟ್ರೋಲೇ ಬೇಕಿತ್ತು”

ಜಾವಾ, ಯೆಜ್ಡಿಗಳಿಗೆ ಬೇಕಿಲ್ಲ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತಿತು. ಸೀಸದ ಒಂದು ಉಪಯೋಗ ಎಗ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುವುದಾಗಿತ್ತು. ಈ ಇಂಜಿನ್ನಿನಲ್ಲಿ ವಾಲ್ವೇ ಇಲ್ಲ.

ಯೋಚಿಸಬೇಕಾದದ್ದು ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಬಗ್ಗೆ. ಅದು ಶೇಕಡಾ 20ರಷ್ಟು ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಕೂರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಪೈಪು ಮತ್ತು ವಾಷರುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಓಡಿಸದ ದಿನಗಳಲ್ಲಿ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ.

ಟ್ಯಾಂಕಿನ ಮಾತು ಬಂದದ್ದರಿಂದ ಇನ್ನೊಂದು ಮಾತು. ತೂತು ಬಿದ್ದ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

“ಆರು ವೋಲ್ಟ್ ಲೈಟು ಮಿಣುಕು ದೀಪ, ಮೊದಲು ಹನ್ನೆರಡಕ್ಕೆ ಬದಲಿಸಿ”

ಬದಲಿಸುವುದು ತಪ್ಪಲ್ಲ. ಬೆಳಕು ಮಂಕಾಗಲು ಕಾರಣ ಆರು ವೋಲ್ಟ್ ಒಂದೇ ಎಂದು ತಿಳಿಯುವುದು ತಪ್ಪು. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಒಂದು ವೋಲ್ಟ್ ನಷ್ಟವಾಯಿತು ಎನ್ನೋಣ. ಹನ್ನೆರಡರಲ್ಲಿ ಅದು ಹನ್ನೆರಡನೆಯ ಒಂದು ಪಾಲು, ಆರರಲ್ಲಿ ಆರನೆಯ ಒಂದು ಪಾಲು. ಅದೂ ಅಲ್ಲದೆ ಅಷ್ಟೇ ಬೆಳಕಿಗೆ ಆರು ವೋಲ್ಟಿನ ತಂತಿಯಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು. ಹೀಗಾಗಿ ಹಳೆಯ ಗಾಡಿಯಲ್ಲಿ ಅರ್ತ್ ಅನ್ನುವುದೇ ಎಲ್ಲ. ವೈರಿಂಗ್ ಹೊಸದು ಮಾಡಿ, ಅರ್ತ್ ಕೂರುವ ಜಾಗಗಳನ್ನು ಉಪ್ಪುಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ ಮಾವನ ಗಾಡಿಯ ಹೆಡ್‌ಲೈಟ್ ಆರು ವೋಲ್ಟಿನಲ್ಲೇ ರಾತ್ರಿ ಊರೊಳಗೆ ಓಡಾಡಲು ಸಾಕಾಗುವಷ್ಟು ಬೆಳಗಿತು.

ಇಗ್ನಿಷನ್ನೂ ಅಷ್ಟೇ. ಪಾಯಿಂಟ್ ಹಳೆಯ ಕಾಲದ್ದು, ಎಲೆಕ್ಟ್ರಾನಿಕ್ ಹಾಕಿಬಿಡಿ ಎನ್ನುವವರು ಬಹಳ. 0.4 ಮಿಲಿಮೀಟರ್ ಅಂತರ ಇಟ್ಟು, ಒಳ್ಳೆಯ ಕಂಡೆನ್ಸರ್ ಹಾಕಿದರೆ ಪಾಯಿಂಟ್ ಕೈಕೊಡುವುದಿಲ್ಲ. ದಿನಾ ಓಡಿಸುವವರು ಎಲೆಕ್ಟ್ರಾನಿಕ್ ಹಾಕಿಸಿಕೊಳ್ಳಲಿ, ಆದರೆ ತೆಗೆದ ಡೈನಮೋವನ್ನು ಗುಜರಿಗೆ ಹಾಕದಿರಲಿ.

“ಸೈಲೆನ್ಸರ್ ಒಳಗಿನದನ್ನು ತೆಗೆದರೆ ಪಿಕಪ್ ಬರುತ್ತೆ”

ಬರುವುದು ಸದ್ದು, ಹೋಗುವುದು ಶಕ್ತಿ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಒಂದು ಅಂಗ. ಹೊಗೆ ಹೋಗುವ ಕಿಂಡಿ ಮುಚ್ಚುವ ಮೊದಲೇ ಸ್ವಲ್ಪ ಹೊಸ ಪೆಟ್ರೋಲ್-ಗಾಳಿ ಹೊರಗೆ ಜಾರಿಬಿಡುತ್ತದೆ. ಪೈಪಿನೊಳಗಿಂದ ಹಿಂತಿರುಗಿ ಬರುವ ಒತ್ತಡದ ಅಲೆ ಅದನ್ನು ಮತ್ತೆ ಸಿಲಿಂಡರಿಗೆ ದಬ್ಬುತ್ತದೆ. ಪೈಪಿನ ಉದ್ದ, ಅಗಲ, ಒಳಗಿನ ತಡೆ ಎಲ್ಲಕ್ಕೂ ಲೆಕ್ಕವಿದೆ. ಜಾವಾದ ಎರಡು ಸೈಲೆನ್ಸರಿನಿಂದ ಬರುವ ಆ ಡುಗುಡುಗು ನಾದ ಒಳಗಿನ ಕೊಳವೆಗಳಿದ್ದಾಗಲೇ ಚೆಂದ. ಒಳಗಿನದನ್ನು ಕತ್ತರಿಸುವ ಬದಲು ಹೊರಗೆಳೆದು, ಕಟ್ಟಿದ ಕರಿಯನ್ನು ಕೆರೆದು ತೆಗೆಯಿರಿ. ಹೋದ ಪಿಕಪ್ ಅದರಲ್ಲೇ ಅಡಗಿರುತ್ತದೆ.

“ಮೊದಲು ಪೇಂಟು, ಕ್ರೋಮು, ಆಮೇಲೆ ಇಂಜಿನ್”

ತಿರುಗಿಸಿ ಹೇಳಿದರೆ ಸರಿ. ಓಡಿಸಿ ನೋಡದೆ ಬಣ್ಣ ಹಚ್ಚಿದ ಗಾಡಿಯನ್ನು ಮತ್ತೆ ಬಿಚ್ಚಲೇಬೇಕಾಗುತ್ತದೆ, ಆಗ ಹೊಸ ಬಣ್ಣಕ್ಕೆ ಮೊದಲ ಗೀರು ಬೀಳುತ್ತದೆ. ಇಂಜಿನ್ ಕೂಡಿಸಿ, ಬಣ್ಣ ಮಾಸಿದ ಗಾಡಿಯನ್ನೇ ಕೆಲವು ನೂರು ಕಿಲೋಮೀಟರ್ ಓಡಿಸಿ, ಎಲ್ಲಿ ಸೋರುತ್ತದೆ, ಎಲ್ಲಿ ಉಜ್ಜುತ್ತದೆ ನೋಡಿ. ಬಣ್ಣ ಕೊನೆಗೆ.

ಪೌಡರ್ ಕೋಟಿಂಗ್ ಎಂದಿಗೂ ಹೋಗುವುದಿಲ್ಲ ಎಂಬ ನಂಬಿಕೆಯಿದೆ. ಗಟ್ಟಿ ಹೌದು. ಆದರೆ ದಪ್ಪ. ಬೋಲ್ಟಿನ ಮರೆ, ಬೇರಿಂಗ್ ಕೂರುವ ಜಾಗ, ಅರ್ತ್ ಜಾಗ ಎಲ್ಲವನ್ನೂ ಅದು ಮುಚ್ಚಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಫ್ರೇಮಿನ ಮೇಲೆ ಕೊರೆದ ಚಾಸಿಸ್ ನಂಬರನ್ನು ಓದಲಾಗದಂತೆ ಮಾಡಬಹುದು. ಕೊಡುವ ಮೊದಲು ಆ ಜಾಗಗಳನ್ನು ಮುಚ್ಚಿ ಕೊಡಿ. ಇಂಜಿನ್ನಿಗೆ ಮರಳು ಹೊಡೆಸುವವರೂ ಇದ್ದಾರೆ. ಬಿಚ್ಚದ ಇಂಜಿನ್ನಿಗೆ ಮರಳು ಹೊಡೆಸಿದರೆ ಒಂದು ಕಣ ಸಾಕು, ಬೇರಿಂಗ್ ಹಾಳಾಗಲು. ಕ್ರೋಮಿನ ಬಗ್ಗೆ ಹೇಳುವುದಾದರೆ, ತುಕ್ಕಿನ ಗುಳಿಯನ್ನು ಕ್ರೋಮ್ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಬಫ್ ಮಾಡುವವರ ಕೈಗುಣದ ಮೇಲೆ ಎಲ್ಲ ನಿಂತಿದೆ.

ಎಲ್ಲಕ್ಕೂ ಮೊದಲು ಹಳೆಯ ಬಣ್ಣವನ್ನು ಕೆರೆದು ಎಸೆಯಬೇಡಿ. ಮಾವನ ಗಾಡಿ ನನ್ನ ಕೈಗೆ ಬಂದಾಗ ಹಸಿರು. ಟೂಲ್ ಬಾಕ್ಸಿನ ಮುಚ್ಚಳದ ಮೂಲೆಯಲ್ಲಿ, ಅಂಗೈ ಅಗಲದ ಜಾಗದಲ್ಲಿ, ನೀರು ಹಾಕಿ ಸಾವಿರ ನಂಬರಿನ ಕಾಗದದಿಂದ ಮೆಲ್ಲಗೆ ತಿಕ್ಕಿದೆ. ಹಸಿರಿನಡಿ ಕಪ್ಪು, ಕಪ್ಪಿನಡಿ ಬೂದು ಪ್ರೈಮರ್, ಅದರಡಿ ಒಣಗಿದ ದಾಸವಾಳದಂಥ ಕಡುಗೆಂಪು ಕಂಡಿತು. ಮುಚ್ಚಳದ ಒಳಮೈಯಲ್ಲಿ ಅದೇ ಕೆಂಪು ಬಿಸಿಲು ಕಾಣದೆ ಹೊಸದರಂತೆ ಉಳಿದಿತ್ತು. ಅತ್ತೆಗೆ ತೋರಿಸಿದೆ. “ಮದುವೆಯಾದ ಹೊಸದರಲ್ಲಿ ಗಾಡಿ ಇದೇ ಬಣ್ಣ ಇತ್ತು ಕಣಪ್ಪ, ನಾನೇ ಮರೆತುಬಿಟ್ಟಿದ್ದೆ” ಅಂದರು. ಪೇಂಟ್ ಅಂಗಡಿಗೆ ಆ ಮುಚ್ಚಳವನ್ನೇ ಒಯ್ದು ಬಣ್ಣ ಹೊಂದಿಸಿದೆವು.

“ನನ್ನ ಗಾಡಿ, ನನಗೆ ಬೇಕಾದ ಹಾಗೆ ಕತ್ತರಿಸ್ತೀನಿ”

ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಫ್ರೇಮಿನ ಬಾಲ ಕೊಯ್ದು, ತೆಳ್ಳನೆಯ ಸೀಟು ಕೂರಿಸಿದ ಯೆಜ್ಡಿಗಳು ಈಗ ಎಲ್ಲೆಡೆ ಕಾಣುತ್ತವೆ. ಅಂದವಾಗಿ ಮಾಡಿದವರನ್ನೂ ನೋಡಿದ್ದೇನೆ. ಆದರೆ ಎರಡು ವಿಷಯ ತಿಳಿದಿರಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬಣ್ಣವೂ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಬದಲಿಸಿದರೆ ಆರ್‌ಟಿಒಗೆ ತಿಳಿಸಿ ನಮೂದು ಮಾಡಿಸಬೇಕು. ಎರಡನೆಯದು, ಕೊಯ್ದ ಫ್ರೇಮ್ ಮತ್ತೆ ಹುಟ್ಟುವುದಿಲ್ಲ. 1996ರ ನಂತರ ಆ ಕಾರ್ಖಾನೆಯಿಂದ ಒಂದೂ ಫ್ರೇಮ್ ಬಂದಿಲ್ಲ.

ನನ್ನ ನಿಲುವು ಸರಳ. ಸ್ಪಾನರಿನಿಂದ ಬಿಚ್ಚಿ ಮತ್ತೆ ಹಾಕಬಹುದಾದ ಯಾವ ಬದಲಾವಣೆಯನ್ನಾದರೂ ಮಾಡಿಕೊಳ್ಳಿ. ಗರಗಸ ಬೇಕಾದ ಬದಲಾವಣೆ ಬೇಡ. ಬೆನ್ನುನೋವಿದ್ದ ಸ್ನೇಹಿತರೊಬ್ಬರ ಯೆಜ್ಡಿಗೆ ಸೀಟಿನ ಹಳೆಯ ತಳವನ್ನೇ ಇಟ್ಟುಕೊಂಡು ಮೇಲೆ ಹೊಸ ಫೋಮ್ ಹೊಲಿಸಿದೆವು. ಸಾಮಾನು ಕಟ್ಟುವ ಚೌಕಟ್ಟು ಇದ್ದ ಬೋಲ್ಟುಗಳಿಗೇ ಕೂತಿತು. ಗಾಡಿ ಅವರದಾಯಿತು, ಕಾರ್ಖಾನೆಯದಾಗಿಯೂ ಉಳಿಯಿತು.

“ಪಾರ್ಟ್ಸ್ ಸಿಗಲ್ಲ, ದೊಡ್ಡ ವರ್ಕ್‌ಶಾಪ್ ಬೇಕು”

ಮೈಸೂರಿನ ಹಳೆಯ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವ ತಾಳ್ಮೆಯಿದ್ದರೆ ಬಹುಪಾಲು ಸಿಗುತ್ತದೆ. ಹೊಸದಾಗಿ ತಯಾರಾಗುವ ನಕಲು ಭಾಗಗಳನ್ನು ಮಾತ್ರ ವರ್ನಿಯರ್ ಹಿಡಿದು ಅಳೆದೇ ಹಾಕಬೇಕು. ಹಳೆಯ ಭಾಗ ಸವೆದಿದೆಯೆಂದು ಎಸೆಯಬೇಡಿ, ಹೊಸದನ್ನು ಹೊಂದಿಸಲು ಅದೇ ಮಾದರಿ. ಇನ್ನು ಹತಾರ. ಜಾವಾದ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪಾನರ್ ಸೆಟ್ ಸಾಕು. ಕ್ಲಚ್ ಮತ್ತು ಡೈನಮೋ ಎಳೆಯುವ ಪುಲ್ಲರ್ ಇಲ್ಲದೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಸುತ್ತಿಗೆ ಉಳಿ ಹಿಡಿದವರೆಲ್ಲ ಪಶ್ಚಾತ್ತಾಪಪಟ್ಟಿದ್ದಾರೆ. ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಮ್ಮ ಶೆಡ್ಡಿನಲ್ಲಿ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಹಳೆಯ ಇಡ್ಲಿ ತಟ್ಟೆಗಳಿವೆ, ಒಂದು ಗುಳಿಗೆ ಒಂದು ಕವರಿನ ಸ್ಕ್ರೂಗಳು.

ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟೈರಿನಲ್ಲಿ ಬಟನ್ ಇದ್ದರೆ ಸಾಕು ಎಂಬುದೂ ಸುಳ್ಳು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಆ ಅಂಕಿಯೇ ಇಲ್ಲದಷ್ಟು ಹಳೆಯ ಟೈರನ್ನು ನಂಬಿ ರಸ್ತೆಗಿಳಿಯಬೇಡಿ.

“ಹದಿನೈದು ವರ್ಷ ದಾಟಿದ ಗಾಡಿ ಓಡಿಸುವಂತಿಲ್ಲ”, “ಹಳೆಯದೆಲ್ಲ ವಿಂಟೇಜ್”

ಎರಡೂ ಸರಿಯಲ್ಲ. ದೆಹಲಿ ರಾಜಧಾನಿ ಪ್ರದೇಶಕ್ಕೆಂದು ಬಂದ ಆದೇಶಗಳ ಸುದ್ದಿ ಕೇಳಿ ಇಲ್ಲಿಯೂ ಹಾಗೇ ಎಂದು ಗುಜರಿಗೆ ಹಾಕಿದವರಿದ್ದಾರೆ. ಕರ್ನಾಟಕದಲ್ಲಿ 15 ವರ್ಷದ ನಂತರ ಗಾಡಿಯನ್ನು ಪರೀಕ್ಷೆಗೆ ತೋರಿಸಿ, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿ ಓಡಿಸಬಹುದು.

ವಿಂಟೇಜ್ ಎಂಬುದಕ್ಕೆ 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ ಅರ್ಥವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು, ಚಾಸಿಸ್ಸಿಗೂ ಇಂಜಿನ್ನಿಗೂ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ಗಾಡಿಗೆ ವಿ.ಎ. ಅಕ್ಷರಗಳಿರುವ ನಂಬರ್ ಸಿಗುತ್ತದೆ, ನೋಂದಣಿ 10 ವರ್ಷ ನಡೆಯುತ್ತದೆ. ಆದರೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ದಿನಾ ಓಡಿಸುವ ಮನಸ್ಸಿದ್ದರೆ ಸಾಧಾರಣ ನೋಂದಣಿಯೇ ಸರಿ. ಫ್ರೇಮ್ ಕೊಯ್ದ ಗಾಡಿಗೆ ವಿಂಟೇಜ್ ದಾರಿ ಮುಚ್ಚಿಹೋಗುತ್ತದೆ.

ನಿಮ್ಮ ಮನೆಯಲ್ಲೂ ಹಿರಿಯರು ಬಿಟ್ಟುಹೋದ ಜಾವಾ ಇದ್ದರೆ ಸ್ಪಾನರ್ ಕೊಳ್ಳುವ ಮೊದಲು ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಇಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯ ಮೇಲಿನವಕ್ಕೆ ಹೊಂದುತ್ತವೆಯೇ ಎಂದು ಟಾರ್ಚ್ ಹಿಡಿದು ಓದಿ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಸಹಿ ಹಾಕಬೇಕಾದವರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.